ಹಳೆ ಕಾರಿನೊಳಗೆ ಹೊಗೆ ವಾಸನೆಯೆ? ಮೂಗಿನ ಮಾತು ಕೇಳಿ

ಧರ್ಮಪುರಿ : ಅಮಾವಾಸ್ಯೆ ಬಂತೆಂದರೆ ಮೆಟ್ಟೂರು, ಕೊಳತ್ತೂರು, ಪಾಲಾರ್ ಮಾರ್ಗವಾಗಿ ಮಾದಪ್ಪನ ಬೆಟ್ಟಕ್ಕೆ ಹೊರಡುವ ಗಾಡಿಗಳ ಸಾಲಿನಲ್ಲಿ ಹಳೆ ಮಾರುತಿ 800, ಓಮ್ನಿ, ಅಂಬಾಸಿಡರ್‌ಗಳೂ ಇರುತ್ತವೆ. ಮಾರುತಿ 800 ಮತ್ತು ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಓಮ್ನಿಯದು 2019ರಲ್ಲಿ. ಅಂದರೆ ಇವುಗಳಲ್ಲಿ ಹೆಚ್ಚಿನವು ವಯಸ್ಸಾದ ಗಾಡಿಗಳೇ. ರಬ್ಬರು ಒಣಗಿದೆ, ತಗಡು ತುಕ್ಕು ಹಿಡಿದಿದೆ. ಒಳಗೆ ಏನೋ ಒಂದು ವಾಸನೆ. 'ಹಳೆ ಗಾಡಿ ಅಲ್ವಾ, ಇದೆಲ್ಲ ಇದ್ದದ್ದೇ' ಎಂದು ಕಿಟಕಿ ಇಳಿಸಿ ಮುಂದೆ ಹೋಗುತ್ತೇವೆ.

ಕೆಲವು ವಾಸನೆಗಳಿಗೆ ನಾಳೆಯವರೆಗೆ ಕಾಯಬಹುದು. ಕೆಲವಕ್ಕೆ ಕಾಯುವಂತಿಲ್ಲ. ಯಾವುದು ಯಾವುದೆಂದು ಗುರುತಿಸಲು ದೊಡ್ಡ ವಿದ್ಯೆ ಬೇಕಿಲ್ಲ. ಮೂರು ಪ್ರಶ್ನೆ ಸಾಕು: ವಾಸನೆ ಯಾವುದರಂತಿದೆ? ಯಾವಾಗ ಬರುತ್ತದೆ? ಎಲ್ಲಿಂದ ಬರುತ್ತದೆ?

ಮೊದಲು ಹೊಗೆ

ತಮಿಳಿನಲ್ಲಿ ಪುಗೈ ಎನ್ನಿ, ಕನ್ನಡದಲ್ಲಿ ಹೊಗೆ ಎನ್ನಿ, ಸೈಲೆನ್ಸರ್‌ನಿಂದ ಬರುವುದು ಬರೀ ಹೊಗೆಯಲ್ಲ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಮ್ಮ ಮೂಗಿಗೆ ತಾಗುವುದು ಅದರ ಜೊತೆಗೆ ಬರುವ ಅರೆಬೆಂದ ಪೆಟ್ರೋಲ್, ಆಯಿಲ್‌ಗಳ ವಾಸನೆ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಮೊದಲ ಗುರುತುಗಳು. ಘಾಟಿ ತಿರುವಿನಲ್ಲಿ ತಲೆ ಸುತ್ತಿತು ಎಂದುಕೊಳ್ಳುವುದು ಸುಲಭ. ಆದರೆ ಒಂದೇ ಕಾರಿನಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಕೆಳಗಿಳಿದ ಮೇಲೆ ಕಡಿಮೆಯಾದರೆ ಮೊದಲು ಕಾರಿನ ಮೇಲೆ ಅನುಮಾನ ಪಡಿ.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತರು. ಜನರೇಟರ್‌ನ ವಿಷಾನಿಲ ಒಳಗೆ ತುಂಬಿಕೊಂಡದ್ದೇ ಕಾರಣವೆಂದು ಆಮೇಲೆ ತಿಳಿಯಿತು. ಎಂಜಿನ್ ಓಡಿಸುತ್ತಾ ಎಸಿ ಹಾಕಿಕೊಂಡು ಕಾರಿನಲ್ಲಿ ಮಲಗುವವರು ಇದನ್ನು ಮರೆಯಬಾರದು.

ನಿಂತಾಗಲೋ, ಓಡುವಾಗಲೋ?

ಕಾರು ನಿಂತು ಎಂಜಿನ್ ಓಡುತ್ತಿರುವಾಗ ವಾಸನೆ ಹೆಚ್ಚಾದರೆ ಸೋರಿಕೆ ಮುಂದೆ, ಎಂಜಿನ್ ಹತ್ತಿರ ಇರಬಹುದು. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ತೆರೆದು ಕೇಳಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆಯಿಂದ 'ಟಿಕ್ ಟಿಕ್' ಶಬ್ದ ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಅಲ್ಲಿಯ ಪ್ಯಾಕಿಂಗ್ ಹೋಗಿರಬಹುದು. ಕಪ್ಪು ಮಸಿಯ ಗೆರೆ ಕಂಡರೆ ಗುಮಾನಿ ಇನ್ನೂ ಗಟ್ಟಿ. ಈ ಪರೀಕ್ಷೆ ಬಯಲಿನಲ್ಲೇ ಆಗಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ.

ಓಡುವಾಗ ಮಾತ್ರ ವಾಸನೆ ಬಂದರೆ ಹಿಂಭಾಗ ನೋಡಿ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ಅಲ್ಲೇ ಸುತ್ತುತ್ತದೆ. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಒಣಗಿದ್ದರೆ, ಹಿಂದಿನ ದೀಪದ ಸುತ್ತ ಸಂದಿ ಇದ್ದರೆ, ನೆಲದ ತಗಡು ತುಕ್ಕು ಹಿಡಿದು ತೂತಾಗಿದ್ದರೆ ಅದು ಒಳಗೆ ನುಗ್ಗುತ್ತದೆ. ಮೇಲ್ಛಾವಣಿ ತೆರೆಯುವ ಹಳೆ ಸ್ಪೋರ್ಟ್ಸ್ ಕಾರುಗಳದೂ ಇದೇ ಕಥೆ. ಸ್ಯಾನ್ ಸ್ಟಾರ್ಮ್‌ನಂಥ ಎರಡು ಸೀಟಿನ ಕಾರಿನಲ್ಲಿ ಕೂತವರ ಬೆನ್ನಿಗೇ ಆ ಸುಳಿಗಾಳಿ ಬರುತ್ತದೆ. ಓಮ್ನಿಯ ಹಿಂಬಾಗಿಲನ್ನು ಸಾಮಾನು ತುಂಬಿ ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸಿದರೆ ಹೊಗೆಗೆ ನೀವೇ ದಾರಿ ಮಾಡಿಕೊಟ್ಟಂತೆ. ಮೊದಲು ಕುಡಿಯುವವರು ಹಿಂದೆ ಕೂತ ಮಕ್ಕಳು.

ಬೀಡಿಂಗ್ ಪರೀಕ್ಷೆಗೆ ಒಂದು ಕಾಗದದ ಚೂರು ಸಾಕು. ಅದನ್ನು ಇಟ್ಟು ಡಿಕ್ಕಿ ಮುಚ್ಚಿ ಎಳೆಯಿರಿ. ಬಿಗಿಯಿಲ್ಲದೆ ಜಾರಿ ಬಂದರೆ ಅಲ್ಲಿ ರಬ್ಬರು ಕೂತಿಲ್ಲ. ರಾತ್ರಿ ಡಿಕ್ಕಿಯೊಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಿ ಹೊರಗಿನಿಂದ ನೋಡಿದರೆ ಬೆಳಕು ಬರುವ ಕಡೆಯೆಲ್ಲ ಹೊಗೆಯೂ ಹೋಗುತ್ತದೆ. ಸೈಲೆನ್ಸರ್ ಕೊಳವೆಯ ತುದಿ ಬಂಪರ್‌ಗಿಂತ ಒಳಗೇ ನಿಂತಿದ್ದರೆ ಅದನ್ನೂ ಸರಿಮಾಡಿಸಿ.

ಸುಟ್ಟ ವಾಸನೆಗಳು

ಸುಟ್ಟ ಎಣ್ಣೆ: ಘಾಟಿ ಹತ್ತಿ ನಿಲ್ಲಿಸಿದಾಗ ಬರುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಿಂದ ಆಯಿಲ್ ಸೋರಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿರಬಹುದು. ಆಯಿಲ್ ಮಟ್ಟ ನೋಡಿ, ಬೇಗ ಪ್ಯಾಕಿಂಗ್ ಬದಲಾಯಿಸಿ.

ಸುಟ್ಟ ಕಾಗದದಂಥದ್ದು: ಇದು ಕ್ಲಚ್ ಪ್ಲೇಟ್. ಏರ್ಕಾಡಿನ 20 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಕ್ಲಚ್ ಒತ್ತಿ ಗಾಡಿ ನಿಲ್ಲಿಸಿಕೊಂಡರೆ ಬಂದೇ ಬರುತ್ತದೆ. ಅಲ್ಲಿ ಹ್ಯಾಂಡ್‌ಬ್ರೇಕ್ ಬಳಸಿ.

ಮೂಗಿಗೆ ಚುಚ್ಚುವ ಘಾಟು: ಇಳಿಜಾರಿನಲ್ಲಿ ಬಂದರೆ ಬ್ರೇಕ್. ಧರ್ಮಪುರಿಯಿಂದ ಸೇಲಂ ಕಡೆಗೆ ತೊಪ್ಪೂರು ಘಾಟಿ ಇಳಿಯುವವರಿಗೆ ಇದು ಗೊತ್ತು. 2020ರ ಡಿಸೆಂಬರ್ ಮತ್ತು 2024ರ ಜನವರಿಯಲ್ಲಿ ಅಲ್ಲಿ ನಡೆದ ಸರಣಿ ಅಪಘಾತಗಳನ್ನು ಈ ಭಾಗದವರು ಮರೆತಿಲ್ಲ. ಬಿಸಿಯಾದ ಬ್ರೇಕ್ ಹಿಡಿಯುವುದಿಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ. ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ, ನೀರು ಸುರಿಯಬೇಡಿ. ಸಮತಟ್ಟು ರಸ್ತೆಯಲ್ಲೂ ಒಂದೇ ಚಕ್ರ ಕಾಯುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ.

ಸಿಹಿ ವಾಸನೆ: ರೇಡಿಯೇಟರ್‌ನ ಕೂಲೆಂಟ್ ಹೀಟರ್ ಪೈಪಿನಲ್ಲಿ ಸೋರುತ್ತಿರಬಹುದು. ಮುಂದಿನ ಗಾಜಿಗೆ ಜಿಡ್ಡು ಮಂಜು, ಕಾಲ ಕೆಳಗೆ ತೇವ ಇದರ ಗುರುತು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಸುಟ್ಟ ಪ್ಲಾಸ್ಟಿಕ್: ವೈರಿಂಗ್ ಕಾಯುತ್ತಿದೆ. ತಕ್ಷಣ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಸಾಧ್ಯವಾದರೆ ಬ್ಯಾಟರಿ ವೈರ್ ಬಿಚ್ಚಿ. ಫ್ಯೂಸ್ ಹೋದ ಕಡೆ ತಾಮ್ರದ ತಂತಿ ಸುತ್ತುವುದು ಬೆಂಕಿಯನ್ನು ಮನೆಗೆ ಕರೆದಂತೆ.

ಸುಟ್ಟ ಹುಲ್ಲು: ನಮ್ಮ ಕಡೆ ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡುತ್ತಾರೆ. ಅದರ ಬಳ್ಳಿ, ಕಡ್ಡಿ ಕಾರಿನ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಆ ರಾಶಿ ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ.

ಹಸಿ ಪೆಟ್ರೋಲ್ ವಾಸನೆ: ಸುಟ್ಟದ್ದಲ್ಲದಿದ್ದರೂ ಅಪಾಯವೇ. ಈಗ ಬಂಕ್‌ಗಳಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೆ ರಬ್ಬರ್ ಪೈಪ್‌ಗಳು ಬೇಗ ಸೋಲಬಹುದು. ಬಿರುಕು ಕಂಡರೆ ಇವಕ್ಕೆ ಒಗ್ಗುವ ಹೊಸ ಪೈಪ್ ಹಾಕಿಸಿ. ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ.

ಈಗಲೇ ನಿಲ್ಲಿಸಬೇಕಾದ್ದು

ಹೊಗೆ, ಹಸಿ ಪೆಟ್ರೋಲ್, ಸುಟ್ಟ ಪ್ಲಾಸ್ಟಿಕ್, ಬ್ರೇಕ್ ಘಾಟು, ಈ ನಾಲ್ಕಕ್ಕೆ 'ಊರಿಗೆ ಹೋಗಿ ನೋಡೋಣ' ಎನ್ನುವಂತಿಲ್ಲ. ಹೊಗೆ ಕುಡಿದು ಯಾರಾದರೂ ತೂಕಡಿಸುತ್ತಿದ್ದರೆ, ಮಾತು ತೊದಲುತ್ತಿದ್ದರೆ ಹೊರಗಿನ ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ಗಡಿಯ ಆಚೆಗೂ ಈಚೆಗೂ ಅದೇ ನಂಬರು. ಕಾರಿನಲ್ಲಿ ಹೊಗೆ ಕುಡಿದರು ಎಂದು ವೈದ್ಯರಿಗೆ ಮೊದಲೇ ಹೇಳಿ, ಆಮ್ಲಜನಕ ಕೊಡುವುದು ತಡವಾಗುವುದಿಲ್ಲ.

ಮೆಕ್ಯಾನಿಕ್ ಹತ್ತಿರ ಹೋದಾಗ 'ಏನೋ ವಾಸನೆ ಬರುತ್ತೆ' ಎಂದಷ್ಟೇ ಹೇಳಬೇಡಿ. ನಿಂತಾಗಲೋ ಓಡುವಾಗಲೋ, ಹತ್ತುವಾಗಲೋ ಇಳಿಯುವಾಗಲೋ, ಮುಂದೋ ಹಿಂದೋ ಎಂದು ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ, ಖರ್ಚೂ ಉಳಿಯುತ್ತದೆ. ಇನ್ನೊಂದು ಮಾತು: ಹೆಚ್ಚು ಹೊತ್ತು ಒಳಗೆ ಕೂತರೆ ಮೂಗು ಯಾವ ವಾಸನೆಗೂ ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದು ಕೂತವರು 'ಏನೋ ನಾತ' ಎಂದರೆ ಅವರ ಮಾತೇ ನಿಜವೆಂದುಕೊಳ್ಳಿ.