ಹಸಿ ಕಸದ ಬಕೆಟ್ಟು, ಅದನ್ನು ಮುಟ್ಟುವ ಕೈ

ಪುಣೆಯ ನಮ್ಮ ಸೊಸೈಟಿಯಲ್ಲಿ ಬೆಳಗಿನ ಎಂಟು ಗಂಟೆಗೆ ಬೆಲ್ ಆಯಿತೆಂದರೆ ಕಸದ ತಾಈ ಬಂದರು ಎಂದೇ ಅರ್ಥ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಕನ್ನಡದ ಕಿವಿಗೆ ಅದು ತಾಯಿ ಎಂದು ಕೇಳುತ್ತದೆ. ಊರಿಂದ ಹೊಸದಾಗಿ ಬಂದವರು ಹಾಗೆಯೇ ಕರೆಯುತ್ತಾರೆ, ಅವರೂ ‘ಓ’ ಎನ್ನುತ್ತಾರೆ. ಅವರ ಜೊತೆ ಎರಡು ಬಕೆಟ್ಟು: ಒಂದು ‘ಓಲಾ’, ಒಂದು ‘ಸುಕಾ’. ಹಸಿ ಕಸ, ಒಣ ಕಸ.

ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ಗಂಟು ಹಾಕಿ ಬಾಗಿಲ ಹೊರಗೆ ಇಟ್ಟರೆ ಏನಾಗುತ್ತದೆ? ನಮಗೇನೂ ಆಗುವುದಿಲ್ಲ. ತಾಈ ಆ ಗಂಟು ಬಿಚ್ಚಬೇಕು. ಸಾರು ಮೆತ್ತಿದ ಅನ್ನದೊಳಗೆ ಕೈಹಾಕಿ ಹಾಲಿನ ಕವರು, ರಟ್ಟು, ಬಾಟಲಿ ಆರಿಸಬೇಕು. ಕಳೆದ ವರ್ಷ ಒಂದು ದಿನ ಅವರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದರು. ಯಾರದೋ ಚೀಲದಲ್ಲಿ ಒಡೆದ ಗಾಜಿನ ಲೋಟ ಇತ್ತಂತೆ. ಯಾವ ಮನೆಯದು ಎಂದು ಕೇಳಿದೆ. ‘ಕಾಯ್ ಮಾಹೀತ್’ ಎಂದು ಮೆಟ್ಟಿಲು ಹತ್ತಿದರು. ಯಾರಿಗೆ ಗೊತ್ತು! ನಮ್ಮ ಮನೆಯದೇ ಇರಬಹುದು ಎಂಬ ಅಳುಕು ನನಗೆ ಅವತ್ತಿಡೀ ಇತ್ತು.

ಪುಣೆಯಲ್ಲಿ ಈ ಕೆಲಸಕ್ಕೊಂದು ಚರಿತ್ರೆಯಿದೆ. ಬೀದಿಯಲ್ಲಿ ಚಿಂದಿ ಆಯುವವರು 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಕಟ್ಟಿಕೊಂಡರು. ಅದರಿಂದಲೇ ಹುಟ್ಟಿದ ‘ಸ್ವಚ್ಛ’ ಸಹಕಾರಿ ಸಂಸ್ಥೆ 2008ರಲ್ಲಿ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆ ಮನೆಯಿಂದ ಕಸ ಎತ್ತತೊಡಗಿತು. ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು. ಮನೆಯವರು ಕೊಡುವ ತಿಂಗಳ ಶುಲ್ಕ ಒಂದು ಆದಾಯ, ಒಣ ಕಸ ಮಾರಿದ ಹಣ ಇನ್ನೊಂದು. ಲೆಕ್ಕ ಸುಲಭವಾಗಿದೆ: ನಾವು ಪೇಪರಿನ ಮೇಲೆ ಉಳಿದ ಹುಳಿ ಸುರಿದರೆ ಆ ಪೇಪರಿಗೆ ಗುಜರಿಯಲ್ಲಿ ಬೆಲೆಯಿಲ್ಲ. ನಷ್ಟ ಅವರದು.

ಬೇರೆ ಮಾಡುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ಊರ ಮನೆಯಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ ಹೋಗುತ್ತಿದ್ದವು, ಅಲ್ಲಿಂದ ಎಮ್ಮೆಯ ಬಾಯಿಗೆ. ಮಿಕ್ಕಿದ್ದು ಸಗಣಿ, ಬೂದಿ, ಒಣ ಎಲೆಯ ಜೊತೆ ತಿಪ್ಪೆಗೆ. ಮಳೆಗಾಲಕ್ಕೆ ಮುಂಚೆ ತಿಪ್ಪೆ ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಫ್ಲ್ಯಾಟಿಗೆ ಬಂದ ಮೇಲೆ ಎಮ್ಮೆಯೂ ಇಲ್ಲ, ತಿಪ್ಪೆಯೂ ಇಲ್ಲ, ಪ್ಲಾಸ್ಟಿಕ್ ಮಾತ್ರ ಬೇಕಾದಷ್ಟು. ತಿಪ್ಪೆ ಎಲ್ಲಿಗೆ ಹೋಯಿತು ಎಂದು ನಾವು ಕೇಳಲಿಲ್ಲ. ಅದು ಊರಾಚೆ ಹೋಗಿ ಬೆಟ್ಟವಾಯಿತು.

ಪುಣೆಯ ಬೆಟ್ಟ ಉರುಳಿ ದೇವಾಚಿ, ಫುರಸುಂಗಿ ಹಳ್ಳಿಗಳ ಪಕ್ಕದಲ್ಲಿದೆ. ಅಲ್ಲಿಯವರು ಎಷ್ಟೋ ಸಲ ಲಾರಿಗಳನ್ನು ತಡೆದು ನಿಂತಿದ್ದಾರೆ. ಮುಂಬೈಯವರಿಗೆ ದೇವನಾರ್ ಗೊತ್ತು. 2016ರ ಜನವರಿಯಲ್ಲಿ ಅದು ಹೊತ್ತಿ ಉರಿದಾಗ ಹೊಗೆ ದಿನಗಟ್ಟಲೆ ನಗರದ ಮೇಲಿತ್ತು. ನಮ್ಮ ಬೆಂಗಳೂರಿನ ಕಸ ಮಂಡೂರಿಗೆ ಹೋಗುತ್ತಿತ್ತು. ಅಲ್ಲಿಯ ಜನ ಹೋರಾಡಿ 2014ರ ಕೊನೆಗೆ ಅದನ್ನು ನಿಲ್ಲಿಸಿದರು. ಈ ಬೆಟ್ಟಗಳ ಕೇಡಿಗೆ ಮುಖ್ಯ ಕಾರಣ ಹಸಿ ಕಸ. ಪ್ಲಾಸ್ಟಿಕ್ಕಿನೊಳಗೆ ಗಾಳಿಯಾಡದೆ ಕೊಳೆತ ಅನ್ನ ಮೀಥೇನ್ ಬಿಡುತ್ತದೆ, ಬೆಂಕಿ ಹತ್ತುವುದು ಅದಕ್ಕೇ. ಒಸರುವ ಕಪ್ಪು ನೀರು ಸುತ್ತಲಿನ ಬಾವಿಗೆ ಇಳಿಯುತ್ತದೆ. ಅದೇ ಅನ್ನ ಗಾಳಿಯಾಡುವ ಕಡೆ, ಒಣ ಎಲೆಯ ಜೊತೆ ಕೊಳೆತರೆ ಗೊಬ್ಬರ.

ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಕಸದ ವಿಷಯಕ್ಕೇ. ಆ ಮೊಕದ್ದಮೆಯ ಫಲವಾಗಿ 2000ದಲ್ಲಿ ದೇಶಕ್ಕೆಲ್ಲ ನಿಯಮ ಬಂತು. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಮೂರು ಭಾಗ ಮಾಡಬೇಕೆಂದವು. ದೊಡ್ಡ ಸೊಸೈಟಿಗಳು ಆದಷ್ಟೂ ತಮ್ಮ ಆವರಣದಲ್ಲೇ ಹಸಿ ಕಸವನ್ನು ಗೊಬ್ಬರ ಅಥವಾ ಗ್ಯಾಸ್ ಮಾಡಬೇಕೆಂದೂ ಹೇಳಿದವು. ಇಂದೋರಿನಲ್ಲಿ 2022ರಲ್ಲಿ ಶುರುವಾದ ದಿನಕ್ಕೆ 550 ಟನ್ ಸಾಮರ್ಥ್ಯದ ಗ್ಯಾಸ್ ಘಟಕ ಇದೆಯಲ್ಲ, ಅದಕ್ಕೂ ಮನೆಯಲ್ಲೇ ಬೇರೆಯಾದ ಹಸಿ ಕಸವೇ ಬೇಕು. ಎಂಥ ಯಂತ್ರ ತಂದರೂ ಮೊದಲ ಕೆಲಸ ಅಡುಗೆಮನೆಯ ಸಿಂಕಿನ ಕೆಳಗೇ ಆಗಬೇಕು.

ನಿಯಮ ಓದಿ ನಮ್ಮ ಸೊಸೈಟಿಯೂ ಹಿಂದುಗಡೆ ಇಟ್ಟಿಗೆಯ ಎರಡು ತೊಟ್ಟಿ ಕಟ್ಟಿಸಿತು. ಹಸಿ ಕಸವನ್ನು ತಾಈ ತಂದು ಅಲ್ಲಿ ಸುರಿಯುವುದು, ನೋಡಿಕೊಳ್ಳುವುದು ವಾಚ್‌ಮನ್ ಪಾಲಿಗೆ. ಮೊದಲ ತಿಂಗಳು ಎಲ್ಲರಿಗೂ ಹುರುಪು. ಮೂರನೇ ತಿಂಗಳಿಗೆ ನಾತ. ಕೆಳಗಿನ ಮನೆಯವರಿಗೆ ಕಿಟಕಿ ತೆರೆಯಲು ಆಗದು. ಸಭೆಯಲ್ಲಿ ಠರಾವು ಬಂತು: ತೊಟ್ಟಿ ಮುಚ್ಚೋಣ, ತಾಈಯನ್ನೂ ಬಿಡಿಸೋಣ, ಟೆಂಪೋದವನಿಗೆ ಎಲ್ಲವನ್ನೂ ಒಟ್ಟಿಗೆ ಕೊಡೋಣ. ಬೇರೆ ಮಾಡುವ ರಗಳೆಯೇ ಬೇಡ.

ನನ್ನ ಪಕ್ಕ ಕೂತಿದ್ದ ಧಾರವಾಡದ ಕಡೆಯ ಅಜ್ಜಿಯೊಬ್ಬರು ಮೆಲ್ಲಗೆ ಅಂದರು: ‘ತಿಪ್ಯಾಗ ಬರೇ ಅನ್ನ ಸಾರು ಸುರುವಿದ್ರ ನಾರದ ಏನ್ ಮಾಡ್ತದರೀ? ಮ್ಯಾಲೆ ಒಣಗಿದ ಎಲಿ ಹಾಕಬೇಕಲ್ಲ. ಹಾಕೋರು ಯಾರು?’

ಅದನ್ನೇ ನಾನು ಹಿಂದಿಯಲ್ಲಿ ಸಭೆಗೆ ಹೇಳಿದೆ. ವಾಚ್‌ಮನ್‌ನನ್ನು ಕರೆದು ಕೇಳಿದರು. ಎಲೆ ಹಾಕಬೇಕೆಂದು ತನಗೆ ಯಾರೂ ಹೇಳಿಲ್ಲ, ಈ ಕೆಲಸಕ್ಕೆ ಪಗಾರವೂ ಹೆಚ್ಚಿಲ್ಲ, ಗೇಟು ಬಿಟ್ಟು ಬಂದರೆ ಬೈಗುಳ ಬೇರೆ ಎಂದ. ನಲವತ್ತು ಮನೆಯವರು ಒಬ್ಬರ ಮುಖ ಒಬ್ಬರು ನೋಡಿದೆವು. ತೊಟ್ಟಿಗೆ ದುಡ್ಡು ಹಾಕಿದ್ದೆವು, ಕೈಗೆ ಹಾಕಿರಲಿಲ್ಲ.

ಠರಾವು ಬಿದ್ದುಹೋಯಿತು. ತೊಟ್ಟಿಯ ಕೆಲಸವನ್ನೂ ತಾಈಗೇ, ಪ್ರತ್ಯೇಕ ಹಣಕ್ಕೆ, ಅವರನ್ನು ಕೇಳಿ ಒಪ್ಪಿಸಲಾಯಿತು. ಗ್ಲೌಸು, ಸಲಿಕೆ, ಕೈಕಾಲು ತೊಳೆಯಲು ನಲ್ಲಿ ಬಂದವು. ಸೊಸೈಟಿಯ ಮರಗಳಿಂದ ಉದುರಿದ ಎಲೆಯನ್ನು ಈಗ ಸುಡುವುದಿಲ್ಲ, ಚೀಲಕ್ಕೆ ತುಂಬಿ ತೊಟ್ಟಿಯ ಪಕ್ಕದಲ್ಲೇ ಇಡುತ್ತಾರೆ. ಎರಡು ವಾರದಲ್ಲಿ ನಾತ ಇಳಿಯಿತು.

ನಿಮ್ಮಲ್ಲಿ ತೊಟ್ಟಿ ಇಲ್ಲದಿದ್ದರೆ ಬಾಲ್ಕನಿಯಲ್ಲೂ ಆಗುತ್ತದೆ. ಮುಚ್ಚಳವಿರುವ ಹಳೆಯ ಬಕೆಟ್ಟಿನ ಸುತ್ತ, ಅಡಿಯಲ್ಲಿ ತೂತು ಕೊರೆಯಿರಿ, ಕೆಳಗೊಂದು ತಟ್ಟೆ ಇಡಿ. ಒಂದು ಪದರ ಹಸಿ ಕಸಕ್ಕೆ ಅದಕ್ಕಿಂತ ದಪ್ಪ ಪದರ ಒಣ ಎಲೆ, ತೆಂಗಿನ ನಾರಿನ ಪುಡಿ ಅಥವಾ ಹರಿದ ರಟ್ಟು. ಶುರುವಿಗೆ ಹುಳಿ ಮಜ್ಜಿಗೆ ಚಿಮುಕಿಸಿ. ವಾರಕ್ಕೆರಡು ಸಲ ಕೆದಕಿ. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ನಾತ ಬಂದರೆ ಎಲೆ ಕಡಿಮೆಯಾಗಿದೆ ಎಂದರ್ಥ, ಒಣಗಿ ಸುಮ್ಮನಿದ್ದರೆ ನೀರು ಕಡಿಮೆ. ಸಾರು, ಎಣ್ಣೆ, ಮೀನು-ಮಾಂಸ ಬಾಲ್ಕನಿಯ ಬಕೆಟ್ಟಿಗೆ ಬೇಡ. ಎರಡು ಮೂರು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಪುಡಿ ಸಿಗುತ್ತದೆ. ಮನೆಯ ಕರಿಬೇವಿಗೆ, ತುಳಸಿಗೆ ಅಷ್ಟು ಸಾಕು.

ಅದೂ ಆಗದಿದ್ದರೆ ಹಸಿ ಕಸವನ್ನು ಬರೀ ಬಕೆಟ್ಟಿನಲ್ಲಿ ಕೊಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಒಡೆದ ಗಾಜು, ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಇಡಿ, ಬಾಯಿಬಿಟ್ಟು ಹೇಳಿ. ಸ್ಯಾನಿಟರಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ. ಕಸ ಎತ್ತುವವರಿಗೆ ಬಿಚ್ಚದೆಯೇ ಅದು ತಿಳಿಯುತ್ತದೆ.

ಈ ಮಳೆಗಾಲದ ಮುಂಚೆ ನಮ್ಮ ತೊಟ್ಟಿಯಿಂದ ಮೊದಲ ಗೊಬ್ಬರ ತೆಗೆದರು. ಮನೆಗೊಂದು ಪೊಟ್ಟಣ ಹಂಚಿದ ಮೇಲೆ ತಾಈಯೂ ಒಂದು ಚೀಲ ಕೇಳಿದರು. ಮನೆಯ ಮುಂದೆ ಎಣ್ಣೆ ಡಬ್ಬಿಯಲ್ಲಿ ಮೆಣಸಿನ ಗಿಡ ಹಾಕಿದ್ದಾರಂತೆ. ಎರಡು ಚೀಲ ಒಯ್ಯಿರಿ ಎಂದೆವು.