ದಿವಾಳಿಯ ದಾರಿ ಮತ್ತು ವಕೀಲರು

ವ್ಯಾಪಾರ ಕೆಟ್ಟವನನ್ನು ಕುರಿತು ‘ಪಾಪರ್ ಆದ’ ಎನ್ನುವ ರೂಢಿ ನಮ್ಮ ಊರುಗಳಲ್ಲಿ ಉಂಟು. ಆ ಇಂಗ್ಲಿಷ್ ಪದಕ್ಕೆ ಕಡುಬಡವ ಎಂದಷ್ಟೇ ಅರ್ಥ. ಶುಲ್ಕ ತೆರಲಾರದೆ ದಾವೆ ಹೂಡುವವನನ್ನು ಸಿವಿಲ್ ಪ್ರಕ್ರಿಯಾ ಸಂಹಿತೆ ಹಾಗೆ ಕರೆಯುತ್ತಿತ್ತು. 1976ರ ತಿದ್ದುಪಡಿ ಆ ಪದವನ್ನು ಕೈಬಿಟ್ಟಿತು. ಕನ್ನಡದ ಕಿವಿಗೆ ಮಾತ್ರ ಅದರಲ್ಲಿ ‘ಪಾಪ’ವೇ ಕೇಳಿಸುತ್ತದೆ. ಸಾಲಗಾರನನ್ನು ವಕೀಲರ ಬಾಗಿಲಿನಿಂದ ದೂರವಿಡುವುದು ಈ ಪಾಪದ ಭಾವವೇ ಎಂಬುದನ್ನು ನಾನು ನನ್ನ ಮನೆಯಲ್ಲೇ ಕಂಡೆ.

ನನ್ನ ತಮ್ಮ ಹೊಲಿಗೆಯ ಕಸುಬಿನವನು. ಅದರ ಜೊತೆಗೆ ಜವಳಿ ಅಂಗಡಿ ಇಟ್ಟು ಸೋತ. ಒಂದು ಕೈಸಾಲ ತೀರಿಸಲು ಇನ್ನೊಂದು ಕೈಸಾಲ ಮಾಡುತ್ತ, ವರ್ಷಕಾಲ ಯಾರಿಗೂ ಬಾಯಿ ಬಿಡಲಿಲ್ಲ. ಅವನ ಬ್ಯಾಂಕ್ ಸಾಲಕ್ಕೆ ನಾನೇ ಜಾಮೀನು. ಒಬ್ಬ ಸಾಲಿಗನ ಡಿಕ್ರಿ ಅಮಲಿಗೆ ಬಂದಾಗ ಹಿತೈಷಿಯೊಬ್ಬರು, “ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಬಿಡು” ಎಂದರು. ಆಗ, ನೋಂದಣಿಗೆ ಮೊದಲೇ, ವಕೀಲರೊಬ್ಬರನ್ನು ಕಾಣೋಣವೆಂದು ನಾನು ಹಟ ಹಿಡಿದೆ.

ಆದರೆ ಹುಡುಕುವುದೆಲ್ಲಿ? ಬಾರ್ ಕೌನ್ಸಿಲ್ ನಿಯಮದಂತೆ ವಕೀಲರು ಜಾಹೀರಾತು ಕೊಡುವಂತಿಲ್ಲ, ವಿಚಾರಿಸಿಯೇ ತಿಳಿಯಬೇಕು. ಸಾಲಗಾರ ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳದ ನ್ಯಾಯಾಲಯದಲ್ಲೇ ಅರ್ಜಿ ಸಲ್ಲಬೇಕಾದ್ದರಿಂದ, ದೂರದ ದೊಡ್ಡ ಹೆಸರಿಗಿಂತ ಆ ನ್ಯಾಯಾಲಯದ ಒಳಹೊರಗನ್ನು ಬಲ್ಲ ಸ್ಥಳೀಯರೇ ಮೇಲು. ವಕೀಲರ ಸಂಘದಲ್ಲಿ ‘ಒಳ್ಳೆಯ ವಕೀಲರು ಯಾರು’ ಎಂದು ಕೇಳಬಾರದು; ‘ದಿವಾಳಿ ಅರ್ಜಿಗಳನ್ನು ನಡೆಸಿದವರು ಯಾರು’ ಎಂದು ಕೇಳಬೇಕು. ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ನಿಗದಿತ ಆದಾಯಮಿತಿಯೊಳಗಿನವರು ಮೊದಲಾದವರಿಗೆ ಅಲ್ಲಿ ಉಚಿತ ನೆರವು ದೊರೆಯುತ್ತದೆ.

ವಕೀಲರ ತಿಳಿವಳಿಕೆಯನ್ನು ಅಳೆಯಲು ಒಂದು ಪ್ರಶ್ನೆ ಸಾಕು: ನಮ್ಮ ಪ್ರಕರಣ ಯಾವ ಕಾಯ್ದೆಗೆ ಸೇರುತ್ತದೆ? 2016ರ ದಿವಾಳಿ ಸಂಹಿತೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ, 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ನಮ್ಮಂಥ ಊರಿನ ಅಂಗಡಿಯವನಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಸಾಲ 500 ರೂಪಾಯಿ ಮುಟ್ಟಿದ್ದು, ತೀರಿಸಲು ಶಕ್ತಿಯಿಲ್ಲದಿದ್ದರೆ ಸಾಲಗಾರ ತಾನೇ ಅರ್ಜಿ ಹಾಕಬಹುದು. ಆ ಮೊತ್ತವೇ ಕಾಯ್ದೆಯ ವಯಸ್ಸನ್ನು ಹೇಳುತ್ತದೆ.

ನಾವು ಕಂಡ ಹಿರಿಯ ವಕೀಲರು ದಾನಪತ್ರದ ಸುದ್ದಿ ಕೇಳಿದೊಡನೆ ಕೈ ಅಡ್ಡ ಹಿಡಿದರು. ಅಂಥ ಕೊಡುಗೆಯ ಎರಡು ವರ್ಷದೊಳಗೆ ಸಲ್ಲಿಸಿದ ಅರ್ಜಿಯಲ್ಲಿ ದಿವಾಳಿಯೆಂದು ತೀರ್ಮಾನವಾದರೆ, ರಿಸೀವರ್ ಅದನ್ನು ರದ್ದುಮಾಡಿಸಬಹುದು. ಜೊತೆಗೆ ಅರ್ಜಿದಾರನ ಪ್ರಾಮಾಣಿಕತೆಗೇ ಕಳಂಕ. “ಲೆಕ್ಕದ ಪುಸ್ತಕಗಳನ್ನೆಲ್ಲ ತನ್ನಿ. ಸಾಲ ಕೊಟ್ಟವರ ಪಟ್ಟಿಯಲ್ಲಿ ನೆಂಟರ ಹೆಸರನ್ನೂ ಬಿಡಬೇಡಿ” ಎಂದರು.

ತಮ್ಮನಿಗೆ ಇದ್ದ ದೊಡ್ಡ ಭಯ ಸೆರೆಮನೆಯದು. ಕೆಟ್ಟ ಉದ್ದೇಶವಿಲ್ಲದೆ, ಬರಿಯ ಬಡತನದಿಂದ ಸಾಲ ತೀರಿಸಲಾರದವನನ್ನು ಸೆರೆಗೆ ತಳ್ಳುವುದು ಸಲ್ಲದೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ವಕೀಲರು ಅದನ್ನು ಬಿಡಿಸಿ ಹೇಳಿದ ರಾತ್ರಿ ಅವನು ಬಹುದಿನಗಳ ಮೇಲೆ ನಿದ್ದೆ ಮಾಡಿದನಂತೆ.

ಬಳಿಕ ಅವರು ನನ್ನತ್ತ ತಿರುಗಿದರು. “ಮೇಷ್ಟ್ರೇ, ನ್ಯಾಯಾಲಯ ನಿಮ್ಮ ತಮ್ಮನಿಗೆ ವಿಮೋಚನೆ ಕೊಟ್ಟರೂ ಜಾಮೀನುದಾರನ ಹೊಣೆ ಹೋಗುವುದಿಲ್ಲ. ಅವರ ಹಿತ ಬೇರೆ, ನಿಮ್ಮ ಹಿತ ಬೇರೆ. ನೀವು ಬೇರೊಬ್ಬ ವಕೀಲರನ್ನು ಕೇಳುವುದು ಲೇಸು.” ಬಂದ ಕಕ್ಷಿಗಾರನನ್ನು ಇನ್ನೊಬ್ಬರ ಕಡೆಗೆ ಕಳಿಸುವ ಆ ಮಾತಿನಿಂದಲೇ ಅವರಲ್ಲಿ ನನಗೆ ವಿಶ್ವಾಸ ಹುಟ್ಟಿತು.

ಶುಲ್ಕದ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಬೇಕು. ನ್ಯಾಯಾಲಯದ ಖರ್ಚೆಷ್ಟು, ವಕೀಲರ ಸಂಭಾವನೆಯೆಷ್ಟು ಎಂದು ಬರೆಸಿಕೊಳ್ಳಬೇಕು. ಗೆದ್ದರೆ ಇಷ್ಟು ಪಾಲು ಎಂಬ ಒಪ್ಪಂದಕ್ಕೆ ನಿಯಮದ ಸಮ್ಮತಿಯಿಲ್ಲ. ವಕಾಲತ್ತನ್ನು ಓದಿಯೇ ಸಹಿ ಹಾಕಬೇಕು. ಕಚೇರಿಯ ಹೊರಗೆ ನಿಂತು ‘ಎಲ್ಲ ಸಾಲವನ್ನೂ ಹಾರಿಸಿಬಿಡುತ್ತೇನೆ’ ಎನ್ನುವ ಮಧ್ಯವರ್ತಿಯಿಂದ ದೂರ ಇರಬೇಕು. ಅಡಮಾನದ ಸಾಲಿಗನ ಹಕ್ಕು ದಿವಾಳಿಯಿಂದ ಅಳಿಯದು. ಸರ್ಕಾರದ ಬಾಕಿಯೂ ಮೋಸದಿಂದ ಮಾಡಿದ ಸಾಲವೂ ವಿಮೋಚನೆಯಿಂದ ಅಳಿಯವು. ಇದನ್ನು ಮೊದಲೇ ಹೇಳುವವರೇ ನಂಬತಕ್ಕ ವಕೀಲರು.

ತಮ್ಮನ ಅಂಗಡಿಯ ಸರಕೂ ಮನೆಯೂ ಸಾಲಿಗರ ಪಾಲಾದುವು. ಹೊಲಿಗೆಯ ಯಂತ್ರ ಉಳಿಯಿತು; ಕಸುಬುದಾರನ ಉಪಕರಣವನ್ನು ಕಾನೂನು ಮುಟ್ಟುವುದಿಲ್ಲ. ಬಾಡಿಗೆಯ ಕೋಣೆಯಲ್ಲಿ ಅವನು ಮತ್ತೆ ಬಟ್ಟೆ ಹೊಲಿಯುತ್ತಿದ್ದಾನೆ. ಜಾಮೀನಿನ ಕಂತನ್ನು ನಾನು ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಕಳೆದ ಯುಗಾದಿಗೆ ಅವನು ಹೊಲಿದುಕೊಟ್ಟ ಅಂಗಿಗೆ ನಾನು ಕೂಲಿ ಕೊಡಹೋದೆ, ಅವನು ತೆಗೆದುಕೊಳ್ಳಲಿಲ್ಲ. ಆ ಒಂದು ವರ್ಷದ ಮೌನವಿರದಿದ್ದರೆ ಮನೆಯೂ ಉಳಿಯುತ್ತಿತ್ತೇನೋ ಎಂದು ಮಾತ್ರ ಆಗಾಗ ಅನ್ನಿಸುತ್ತದೆ.