ಮತಗಟ್ಟೆಯ ಸಜ್ಜು: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಸಂಘದ ಅಂಗಳದಲ್ಲಿ ಅಡಿಕೆ ತೂಗುವ ಮೊದಲು ತಕ್ಕಡಿಯ ಮುಳ್ಳು ಸರಿಯಾಗಿ ನಿಂತಿದೆಯೇ ಎಂದು ನೋಡುವುದು ಬೆಳೆಗಾರರ ವಾಡಿಕೆ. ತೂಕದ ಚೀಟಿ ಕೈಗೆ ಬಾರದೆ ಯಾರೂ ಅಲ್ಲಿಂದ ಕದಲುವುದಿಲ್ಲ. ಮತಗಟ್ಟೆಯಲ್ಲಿಯೂ ಇಂಥದೇ ಪರೀಕ್ಷೆ, ಮೊಹರು, ಚೀಟಿಗಳ ಏರ್ಪಾಡು ಇದೆ. ಆದರೆ ಅದನ್ನು ತಿಳಿದು ನೋಡುವವರು ಕಡಿಮೆ.

ಚಿಕ್ಕೋಡಿ ಲೋಕಸಭಾ ಕ್ಷೇತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚಿಕ್ಕೋಡಿ-ಸದಲಗಾ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳೂ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು ಇದರಲ್ಲಿವೆ. ಅದು ಕಬ್ಬು, ತಂಬಾಕಿನ ಸೀಮೆ. ನಮ್ಮದು ಕಾಫಿ, ಅಡಿಕೆಯ ಸೀಮೆ. ಆದರೂ 2024ರ ಮೇ 7ರಂದು ಅಲ್ಲಿಯೂ, ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿಯೂ ಮತದಾನವಾದಾಗ ಮತಗಟ್ಟೆಗಳ ಸಜ್ಜು ಒಂದೇ ಬಗೆಯದಾಗಿತ್ತು.

ಮತದಾನದ ಹಿಂದಿನ ದಿನ ಸಿಬ್ಬಂದಿಯು ಮಸ್ಟರಿಂಗ್ ಕೇಂದ್ರದಿಂದ ಸಾಮಾನು ಪಡೆದು ಹೊರಡುತ್ತದೆ. ಅಧಿಕಾರಿಯ ಮೇಜಿನ ಮೇಲಿಡುವ ನಿಯಂತ್ರಣ ಘಟಕ, ಮತದಾರರು ಗುಂಡಿ ಒತ್ತುವ ಮತದಾನ ಘಟಕ, ಚೀಟಿ ತೋರಿಸುವ ವಿವಿಪ್ಯಾಟ್ – ಇವು ಮುಖ್ಯವಾದವು. ಯಂತ್ರವು ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟು ಹೋದರೂ ಮತದಾನ ನಿಲ್ಲದು. ಇವುಗಳ ಜೊತೆಗೆ ಮತದಾರರ ಪಟ್ಟಿ, ಸಹಿ ಪುಸ್ತಕ, ಅರಗು, ಮೊಹರು, ಅಳಿಸದ ಶಾಯಿ ಇರುತ್ತವೆ. ಈ ಶಾಯಿ ತಯಾರಾಗುವುದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಮಹಾಚುನಾವಣೆಯಿಂದಲೂ ಇದು ಬಳಕೆಯಲ್ಲಿದೆ.

ಗುಂಡಿ ಒತ್ತುವ ಮರೆಯನ್ನು ಕಿಟಕಿಯಿಂದ ದೂರ ಇಡಬೇಕು. ಹೊರಗಿನವರ ಕಣ್ಣು ಬೀಳಬಾರದು. ವಿವಿಪ್ಯಾಟ್ ಮೇಲೆ ನೇರವಾಗಿ ಪ್ರಖರ ಬೆಳಕು ಬೀಳಬಾರದು. ಗುಂಡಿ ಒತ್ತಿದ ಮೇಲೆ ಅದರ ಗಾಜಿನಲ್ಲಿ 7 ಸೆಕೆಂಡು ಚೀಟಿ ಕಾಣುತ್ತದೆ. ತಾವು ಒತ್ತಿದ ಚಿಹ್ನೆಯೇ ಬಂದಿದೆಯೇ ಎಂದು ನೋಡಿಕೊಂಡೇ ಹೊರಬರತಕ್ಕದ್ದು.

ಅಭ್ಯರ್ಥಿಗಳ ಸಂಖ್ಯೆ ಹೆಚ್ಚಾದಂತೆ ಸಜ್ಜೂ ಬೆಳೆಯುತ್ತದೆ. ಚಿಕ್ಕೋಡಿಯ ಪಕ್ಕದ ಬೆಳಗಾವಿ ಕ್ಷೇತ್ರದಲ್ಲಿ 1996ರಲ್ಲಿ 456 ಮಂದಿ ಕಣದಲ್ಲಿದ್ದರು. ಅಷ್ಟು ಹೆಸರು, ಚಿಹ್ನೆಗಳನ್ನು ಮತಪತ್ರದಲ್ಲಿ ಅಚ್ಚು ಮಾಡಿಸಬೇಕಾಯಿತು! ಅದೇ ವರ್ಷ ಲೋಕಸಭೆಗೆ ಸ್ಪರ್ಧಿಸುವವರ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಲಾಯಿತು. ಈಗಿನ ಒಂದು ಮತದಾನ ಘಟಕದಲ್ಲಿ ‘ನೋಟಾ’ ಸೇರಿ 16 ಗುಂಡಿಗಳಿವೆ. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಶಿನ ಬೆಳೆಗಾರರೇ ದೊಡ್ಡ ಸಂಖ್ಯೆಯಲ್ಲಿ ನಿಂತು, ಅಭ್ಯರ್ಥಿಗಳು 185 ಆದಾಗ ಪ್ರತಿ ಮತಗಟ್ಟೆಗೂ 12 ಘಟಕಗಳನ್ನು ಜೋಡಿಸಬೇಕಾಯಿತು.

ಇನ್ನು ತಕ್ಕಡಿಯ ಪರೀಕ್ಷೆ. ಮತದಾನಕ್ಕೆ 90 ನಿಮಿಷ ಮೊದಲು ಏಜೆಂಟರ ಮುಂದೆ ಕನಿಷ್ಠ 50 ಅಣಕು ಮತ ಹಾಕಿ, ಯಂತ್ರದ ಲೆಕ್ಕವನ್ನೂ ಚೀಟಿಗಳನ್ನೂ ತಾಳೆ ನೋಡುತ್ತಾರೆ. ಬಳಿಕ ಆ ಲೆಕ್ಕವನ್ನು ಅಳಿಸಿ, ಚೀಟಿಗಳನ್ನು ತೆಗೆದು, ಮೊಹರು ಹಾಕುತ್ತಾರೆ. ಬೆಳಿಗ್ಗೆ 7ಕ್ಕೆ ಮತದಾನವಾದರೆ ಏಜೆಂಟರು 5.30ಕ್ಕೇ ಅಲ್ಲಿರಬೇಕು. ತಡವಾಗಿ ಬಂದವರಿಗೆ ಈ ಪರೀಕ್ಷೆ ನೋಡಲು ಸಿಗದು.

ಮತದಾನ ಮುಗಿದ ಮೇಲೆ ದೊರೆಯುವ ಚೀಟಿಯೇ ನಮೂನೆ 17-ಸಿ. ಅಲ್ಲಿ ಒಟ್ಟು ಎಷ್ಟು ಮತ ದಾಖಲಾಯಿತೆಂದು ಅಧಿಕಾರಿಯು ಬರೆದು, ದೃಢೀಕರಿಸಿದ ಪ್ರತಿಯನ್ನು ಏಜೆಂಟರಿಗೆ ಕೊಡಬೇಕು. ಎಣಿಕೆಯ ದಿನ ಆ ಸಂಖ್ಯೆಯೂ ಯಂತ್ರದ ಸಂಖ್ಯೆಯೂ ತಾಳೆಯಾಗಬೇಕು. ಪ್ರತಿ ಪಡೆಯದೆ ಮನೆಗೆ ಹೋದ ಏಜೆಂಟನು ತೂಕದ ಚೀಟಿ ಬಿಟ್ಟುಹೋದ ಬೆಳೆಗಾರನಂತೆಯೇ ಸರಿ.

ಸಾಮಾನ್ಯ ಮತದಾರರೂ ಎರಡು ಮಾತು ನೆನಪಿಡಬೇಕು. ತಮ್ಮ ಹೆಸರಿನಲ್ಲಿ ಬೇರಾರೋ ಆಗಲೇ ಮತ ಹಾಕಿದ್ದರೆ ಸುಮ್ಮನೆ ಹಿಂತಿರುಗಬಾರದು; ಗುರುತು ರುಜುವಾತುಪಡಿಸಿ ‘ಟೆಂಡರ್ಡ್’ ಮತಪತ್ರ ಕೇಳಿ ಪಡೆಯಬಹುದು. ವೇಳೆ ಮುಗಿಯುವಾಗ ಸಾಲಿನಲ್ಲಿ ನಿಂತಿದ್ದವರಿಗೆಲ್ಲ, ಸಾಲಿನ ಕೊನೆಯವರಿಂದ ಆರಂಭಿಸಿ, ಚೀಟಿ ಕೊಡುತ್ತಾರೆ. ಅವರೆಲ್ಲರೂ ಮತ ಹಾಕಬಹುದು.

ಕುಡಿಯುವ ನೀರು, ನೆರಳು, ಶೌಚಾಲಯ, ಗಾಲಿ ಕುರ್ಚಿ ಹತ್ತುವ ಇಳಿಜಾರು ಮತಗಟ್ಟೆಯಲ್ಲಿ ಇರಲೇಬೇಕಾದ ಅನುಕೂಲಗಳು. ನಮ್ಮೂರ ಶಾಲೆಯೇ ಮತಗಟ್ಟೆಯಾಗಿದ್ದರೆ, ಇವುಗಳಲ್ಲಿ ಏನಾದರೂ ಕೊರತೆ ಕಂಡಲ್ಲಿ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಈಗಲೇ ತಹಶೀಲ್ದಾರರ ಕಚೇರಿಗೆ ಬರೆದು ತಿಳಿಸುವುದು ಲೇಸು.